ಲಾಟ್ ೪೧೭

ಆದೋನಿಯ ಹತ್ತಿ ಯಾರ್ಡಿನಲ್ಲಿ ಟೆಂಡರು ಮುಚ್ಚುವುದು ಒಂದು ಗಂಟೆಗೆ.
ಒಂದು ಗಂಟೆ ಎಂದರೆ ಗೋಡೆಯ ಗಡಿಯಾರದ್ದಲ್ಲ,
ಮೇಲ್ಮಹಡಿಯಲ್ಲಿ, ಕಿರುಗುಟ್ಟುವ ಫ್ಯಾನಿನ ಕೆಳಗೆ
ನಾನು ಕಾಯುವ ಕಪ್ಪು ಪೆಟ್ಟಿಗೆಯ ಒಂದು ಗಂಟೆ.

ಜಂಬಣ್ಣ ಸಾಹುಕಾರ ಮೆಟ್ಟಿಲು ಹತ್ತಿ ಬಂದ,
ಮೀಸೆಗೆ ಅಂಟಿದ ಅರಳೆಯ ಎಳೆ.
"ನಾ ಒತ್ತೀನವ್ವ. ಟೈಮಿತ್ತು. ಕಣ್ಣಾರೆ ನೋಡೀನಿ.
ನಿನ್ನ ಪೆಟ್ಟಿಗಿ ನನ್ನ ರೇಟು ನುಂಗೈತಿ."

ಅದು ನುಂಗುವುದಿಲ್ಲ. ಎಲ್ಲ ಬರೆದಿಡುತ್ತದೆ,
ಕೇಳಿದವರಿಗೆ ಮಾತ್ರ ತೋರಿಸುತ್ತದೆ.
ಲಾಗು ತೆರೆದೆ.

ಅವನ ರೇಟು ಎಮ್ಮಿಗನೂರು ರಸ್ತೆಯ ಕಂಬ ದಾಟಿ
ನಮ್ಮ ಬಾಗಿಲಿಗೆ ಬಂದಾಗ
ಹನ್ನೆರಡು ಐವತ್ತೊಂಬತ್ತು, ಐವತ್ತೊಂಬತ್ತು ಸೆಕೆಂಡು,
ಅದರ ಮೇಲೆ ಎಂಟುನೂರ ಎಪ್ಪತ್ತೊಂದು ಮಿಲಿ.
ಬಂದಿದೆ. ಖರೆ.
ಸಾಕೆಟ್ಟಿನ ಕಟ್ಟೆಯ ಮೇಲೆ, ಹೆಗಲಿಗೆ ಟವೆಲು ಹಾಕಿ
ಕೂತಿದೆ.

ಒಳಗೆ ಕರೆಯಬೇಕಾದ ಪ್ರೋಗ್ರಾಮು ನಿದ್ದೆಯಲ್ಲಿತ್ತು.
ಕರ್ನಲ್ ಅದನ್ನು ಕೂಡಲೇ ಎಬ್ಬಿಸಿದೆ. ಎದ್ದಿದೆ.
ಎದ್ದವರಿಗೆಲ್ಲ ಸರದಿ ಬರುವುದಿಲ್ಲ.
ಇರುವ ಪ್ರೊಸೆಸರು ಎರಡು, ಎರಡರ ಮೇಲೂ
ಇನ್ನಾವುದೋ ಕೆಲಸ ಕಾಲು ಚಾಚಿದೆ,
ಹದಿನಾರು ಎಳೆಯಾಗಿ ಹಿಂಜಿಕೊಂಡು,
ಒಂದೆಳೆ ಏಳುತ್ತಲೇ ಇನ್ನೊಂದೆಳೆ ಕೂರುತ್ತ.
ರೇಟು ಓದಿಸಿಕೊಂಡಾಗ ಒಂದು ಗಂಟೆ ಆಗಿಹೋಗಿ
ಎಂಬತ್ತಮೂರು ಮಿಲಿ.

ಒಟ್ಟು ಕಾದದ್ದು ಇನ್ನೂರ ಹನ್ನೆರಡು.

"ಇನ್ನೂರ ಹನ್ನೆರಡು ಮಿಲಿ ಅಂದ್ರೆ ಎಷ್ಟಮ್ಮ?" ಕಾರ್ಯದರ್ಶಿ ಕೇಳಿದರು.
"ಕ್ವಾರ್ಟರಿಗಿಂತ ಒಂದು ಗುಟುಕು ಜಾಸ್ತಿ, ಅಷ್ಟೇ ತಾನೆ?"
ಕೋಣೆಯೆಲ್ಲ ತೆಲುಗಿನಲ್ಲಿ ನಕ್ಕಿತು.
ನಾನೂ ನಕ್ಕೆ.

ಅವರು ಹೋದ ಮೇಲೆ
ಕಾಲು ಚಾಚಿದ ಕೆಲಸದ ಹೆಸರು ನೋಡಿದೆ.
ಬ್ಯಾಕಪ್ಪು.
ದಿನಾ ಮೂರಕ್ಕೆ ಓಡುವುದು, ಇವತ್ತು ಹನ್ನೆರಡು ಐವತ್ತೆಂಟಕ್ಕೆ.
ಓಡಿಸಿದವರ ಹೆಸರು: ನನ್ನದು.
ಗುಂತಕಲ್ ಪ್ಯಾಸೆಂಜರ್ ಹಿಡಿಯಬೇಕಿತ್ತು,
ಅಕ್ಕನ ಕೂಸಿಗೆ ಇವತ್ತು ತೊಟ್ಟಿಲು.

ಈ ಲೋಕದಲ್ಲಿ ಒಂದು ಅಂಕ ಇದೆ, ಒಳ್ಳೆಯತನದ ಅಂಕ.
ಹೆಚ್ಚಿದ್ದಷ್ಟೂ ಕೆಲಸ ಹಿಂದೆ ಸರಿದು
ಬೇರೆಯವರಿಗೆ ದಾರಿ ಬಿಡುತ್ತದೆ.
ಹತ್ತೊಂಬತ್ತರವರೆಗೆ ಒಳ್ಳೆಯವರಾಗಬಹುದು,
ಅದಕ್ಕಿಂತ ಹೆಚ್ಚಿನದನ್ನು ಕರ್ನಲ್ ಒಪ್ಪುವುದಿಲ್ಲ.
ಆ ಒಂದು ಅಂಕ ಬರೆಯುವುದನ್ನು ಮರೆತಿದ್ದೆ.

ಲಾಟ್ ೪೧೭. ಹೊಳಗುಂದದ ಉರುಕುಂದಮ್ಮ.
ಆರು ಕ್ವಿಂಟಾಲು ನಲವತ್ತು ಕಿಲೋ.
ಜಂಬಣ್ಣನ ರೇಟು ಏಳು ಸಾವಿರದ ಇನ್ನೂರ ನಲವತ್ತು,
ಗೆದ್ದದ್ದು ಇನ್ನೂರ ಹತ್ತು.
ಕ್ಯಾಲ್ಕುಲೇಟರು ಬೇಡವಾಗಿತ್ತು. ಆದರೂ ಒತ್ತಿದೆ.
ನೂರ ತೊಂಬತ್ತೆರಡು ರೂಪಾಯಿ.

ಮೂರಕ್ಕೆ ರೈಲು ಕೂಗಿತು, ಹೋಯಿತು.
ನಾನು ಎದ್ದಿದ್ದೆ, ಎದ್ದೇ ಇದ್ದೆ,
ಮೆಟ್ಟಿಲ ತುದಿಯಲ್ಲಿ ನಿಂತು
ಮತ್ತೆ ಒಳಗೆ ಬಂದು ಲಾಗು ನೋಡುತ್ತಿದ್ದೆ,
ಬದಲಾಗಿರಬಹುದೇನೋ ಎಂಬಂತೆ.

ಕಾಟಾದ ಮುಂದೆ ಸಾಲು. ಖಾಸಿಂಬಿ ಪೊರಕೆಯಿಂದ
ಚೆಲ್ಲಿದ ಅರಳೆ ಗುಡಿಸುತ್ತಿದ್ದಳು, ಅದು ಅವಳದೇ.
ನಡುವೆ ನುಗ್ಗಿದ ಒಬ್ಬನ ಅಂಗಿ ಹಿಡಿದೆಳೆದು
"ಸರದಿ ಅಂದ್ರ ಸರದಿ, ಹಿಂದಕ ನಡಿ" ಎಂದು ಗದರಿದವಳೇ
ಉರುಕುಂದಮ್ಮ. ಯಾರೂ ತೋರಿಸಬೇಕಾಗಲಿಲ್ಲ.

ಹೇಳಿದೆ. ಮಿಲಿ ಗಿಲಿ ಬಿಟ್ಟು ಹೇಳಿದೆ.
ನನ್ನಿಂದ ನಿಮಗೆ ಇಷ್ಟು ಕಮ್ಮಿ ಬಂತು, ತಗೊಳ್ಳಿ, ಎಂದೆ.

ಅವಳು ದುಡ್ಡು ಎಣಿಸಿದಳು, ಎರಡು ಸಲ.
ಸೆರಗಿನ ತುದಿಗೆ ಗಂಟು ಹಾಕಿದಳು.
"ಯಾವಾಗ ಆಗಿದ್ದು ಇದು?"
"ಒಂದು ಗಂಟೆಗೆ."
"ಈಗೆಷ್ಟು?"
"ನಾಲ್ಕು."

"ಹೇಳಾಕ ಇಷ್ಟೊತ್ತು ಬೇಕಾತೇನವ್ವ?"